ರಾತ್ರಿಯಿಲ್ಲದ ನಾಡಿಗೆ ಮಾವನ ಟ್ರಿಪ್ ಷೀಟ್

ಒಂದು ಹಾಡು ಎಷ್ಟು ಹೊತ್ತು ಇರುತ್ತೆ ಓದುಗರೇ? ಹೆಚ್ಚೆಂದರೆ ಐದು ನಿಮಿಷ. ಅಂಥ ಐದು ನಿಮಿಷದ ಹಾಡೊಂದು ಹಾಸನದ ಒಂದು ಮನೆಯಲ್ಲಿ ಮೂರು ತಿಂಗಳ ಗಲಾಟೆಗೆ ಕಾರಣವಾಯಿತು ಅಂದರೆ ನಂಬ್ತೀರಾ? ನಂಬಲೇಬೇಕು. ಆ ಮನೆ ನನ್ನ ಸೋದರಮಾವನದು. ಗಲಾಟೆಯ ಮಧ್ಯೆ ಸಿಕ್ಕಿಹಾಕಿಕೊಂಡವನು ನಾನೇ!

ಹಾಡು ಯಾವುದೆಂದು ನಿಮಗೂ ಗೊತ್ತು. 2015ರಲ್ಲಿ ಬಂದ ‘ದಿಲ್‌ವಾಲೆ’ ಹಿಂದಿ ಚಿತ್ರದ ‘ಗೇರುವಾ’. ಶಾರುಖ್ ಖಾನ್, ಕಾಜೋಲ್ ಜೋಡಿ. ಕಪ್ಪು ಮರಳಿನ ಮೇಲೆ ಮುರಿದು ಬಿದ್ದ ವಿಮಾನ, ನೀಲಿ ಮಂಜುಗಡ್ಡೆಗಳು ತೇಲುವ ನೀರು, ಧೋ ಎಂದು ಸುರಿಯುವ ಜಲಪಾತ, ಗಾಳಿಗೆ ಹಾರುವ ನಾಯಕಿಯ ಉದ್ದನೆಯ ಉಡುಪು... ಒಂದು ಸಂಜೆ ಟೀವಿಯಲ್ಲಿ ಅದನ್ನು ನೋಡಿದ ಅತ್ತೆ, “ರೀ, ಇದು ಯಾವೂರು? ಸೆಟ್ ಹಾಕಿದ್ದಾರಾ, ನಿಜವಾದ ಜಾಗವಾ?” ಅಂದರು. ಅದೇ ಹೊತ್ತಿಗೆ ಸ್ವೀಡನ್ನಿನಲ್ಲಿ ಕೆಲಸದಲ್ಲಿರುವ ಮಗನ ಫೋನು ಬಂತು. “ಅದು ಐಸ್‌ಲ್ಯಾಂಡು ಕಣಮ್ಮ. ಇಲ್ಲಿಂದ ವಿಮಾನದಲ್ಲಿ ಮೂರು ಗಂಟೆ ಚಿಲ್ಲರೆ. ಹೇಗೂ ಬೇಸಿಗೆಗೆ ಬರ್ತೀರಲ್ಲ, ಕಾರು ಬಾಡಿಗೆಗೆ ತಗೊಂಡು ನಾವೇ ಓಡಿಸಿಕೊಂಡು ಸುತ್ತೋಣ” ಅಂದ.

ಮಾರನೆಯ ವಾರ ನನಗೆ ಕರೆ ಬಂತು. “ನೀನು ಸಿನಿಮಾದವನು. ಷೂಟಿಂಗ್ ಜಾಗ ಎಲ್ಲಾ ನಿನಗೆ ಗೊತ್ತಿರುತ್ತೆ. ಬಂದು ಒಂದು ಪ್ಲಾನು ಹಾಕಿಕೊಡು” ಅಂತ ಅತ್ತೆ.

ಇಲ್ಲಿ ಒಂದು ನಿಜ ಒಪ್ಪಿಕೊಂಡುಬಿಡ್ತೀನಿ. ಪಿಯುಸಿಯನ್ನು ಅರ್ಧಕ್ಕೆ ಬಿಟ್ಟು ಗಾಂಧಿನಗರ ಸೇರಿದವನು ನಾನು. ವಿದೇಶ ನೋಡಿದ್ದೆಲ್ಲ ತೆರೆಯ ಮೇಲೆಯೇ. ಆದರೂ ‘ಗೊತ್ತಿಲ್ಲ’ ಅನ್ನಲು ಬಾಯಿ ಬರಲಿಲ್ಲ. ಭೂಪಟ, ಕಾರು ಬಾಡಿಗೆಯವರ ಕರಾರು ಪತ್ರ, ಅಲ್ಲಿನ ರಸ್ತೆ ಇಲಾಖೆಯ ಸೂಚನೆಗಳು, ಒಂದು ಹಳೇ ಡಿಕ್ಷನರಿ... ಇಷ್ಟನ್ನು ಹರಡಿಕೊಂಡು ಕೂತೆ. ಸ್ವೀಡನ್ನಿನ ಹುಡುಗ ಆ ಕಡೆಯಿಂದ, ನಾನು ಈ ಕಡೆಯಿಂದ.

ಮಾವನ ಪರಿಚಯ ಮಾಡಿಸಬೇಕು. ಸರ್ಕಾರಿ ಬಸ್ಸಿನಲ್ಲಿ 29 ವರ್ಷ ಡ್ರೈವರ್. ಅದರಲ್ಲಿ ಬಹುಪಾಲು ಹಾಸನ–ಮಂಗಳೂರು ರೂಟು. ಶಿರಾಡಿ ಘಾಟಿಯ ಒಂದೊಂದು ತಿರುವೂ ಅವರಿಗೆ ಅಂಗೈ ಗೆರೆ. ಆದರೆ ರಿಟೈರ್ ಆದ ಮೇಲೆ ಅವರು ಸ್ಟೇರಿಂಗ್ ಮುಟ್ಟಿಲ್ಲ. ಕೊನೆಯ ವರ್ಷದ ಮಳೆಗಾಲದಲ್ಲಿ, ರಾತ್ರಿ ಡ್ಯೂಟಿಯಲ್ಲಿ, ಮುಂದೆ ಹೋಗುತ್ತಿದ್ದ ಲಾರಿಯೊಂದು ಇವರ ಕಣ್ಣೆದುರೇ ಕಂದಕಕ್ಕೆ ಇಳಿಯಿತು. ಬಸ್ಸು ನಿಲ್ಲಿಸಿ, ಹಗ್ಗ ಕಟ್ಟಿ ಇಳಿದು, ಕ್ಲೀನರ್ ಹುಡುಗನನ್ನು ಮೇಲೆತ್ತಿದ್ದು ಮಾವನೇ. ಹುಡುಗ ಉಳಿದ. ಮಾವ ಮಾತ್ರ ಆ ವಿಷಯ ಎತ್ತುವುದಿಲ್ಲ. ಮಗ ಕಾರು ಕೊಡಿಸ್ತೀನಿ ಅಂದರೂ “ಸಾಕಪ್ಪ, ಓಡಿಸಿದ್ದಾಯ್ತು” ಅಂತಾರೆ. ಸಂತೆಗೂ ಆಟೋ.

ಹೀಗಾಗಿ ಪ್ಲಾನಿನಲ್ಲಿ ಮಾವನ ಪಾತ್ರ ಬರೀ ಪ್ಯಾಸೆಂಜರ್ ಅಂತ ಎಲ್ಲರೂ ಮೊದಲೇ ತೀರ್ಮಾನಿಸಿಬಿಟ್ಟಿದ್ದೆವು.

ಏಳು ದಿನದ ಸುತ್ತು

ಹುಡುಗ ಕಳಿಸಿದ ಮೊದಲ ಪ್ಲಾನು ನೋಡಿ. ಐಸ್‌ಲ್ಯಾಂಡನ್ನು ಉಂಗುರದ ಹಾಗೆ ಸುತ್ತುವ ಒಂದನೇ ನಂಬರ್ ಹೆದ್ದಾರಿ ಇದೆ. ಉದ್ದ 1,322 ಕಿ.ಮೀ. ಏಳು ದಿನ. “ಭಾವ, ದಿನಕ್ಕೆ 190 ಕಿ.ಮೀ. ಕೂಡ ಆಗಲ್ಲ. ಮಕ್ಕಳಾಟ!” ಅಂತ ಬರೆದಿದ್ದ.

ಮಾವ ಕನ್ನಡಕ ಏರಿಸಿ ಕಾಗದ ನೋಡಿದರು. “ಕಿಲೋಮೀಟರ್ ಲೆಕ್ಕ ಹಾಕೋನು ಕಂಡಕ್ಟರು. ಗಂಟೆ ಲೆಕ್ಕ ಹಾಕೋನು ಡ್ರೈವರು. ಗಂಟೆ ಎಲ್ಲಿ ಬರ್ದಿದಾನೆ?” ಅಂದವರೇ ಒಳಗೆ ಹೋಗಿ ಒಂದು ಹಳೇ ಟ್ರಿಪ್ ಷೀಟು ತಂದು ಟೇಬಲ್ ಮೇಲಿಟ್ಟರು. ಹೊರಡುವ ವೇಳೆ, ತಲುಪುವ ವೇಳೆ, ಊಟಕ್ಕೆ ನಿಲ್ಲುವ ಜಾಗ, ನೈಟ್ ಹಾಲ್ಟು. “ಇದರ ಹಾಗೆ ಗೀಟು ಹೊಡಿ.”

ಹೊಡೆದೆ. ಹೊಡೆಯುತ್ತಾ ಹೋದಂತೆ ಮಕ್ಕಳಾಟ ಬೆವರಿಳಿಸತೊಡಗಿತು. ಅಲ್ಲಿ ಡಾಂಬರು ರಸ್ತೆಯಲ್ಲಿ ಗಂಟೆಗೆ 90 ಕಿ.ಮೀ. ಮೇಲೆ ಹೋಗುವಂತಿಲ್ಲ, ಜಲ್ಲಿ ರಸ್ತೆಯಲ್ಲಿ 80, ಊರೊಳಗೆ 50. ಅದು ಕಾನೂನಿನ ಮಾತು. ಗಾಳಿಯ ಮಾತೇ ಬೇರೆ, ಅದಕ್ಕೆ ಆಮೇಲೆ ಬರ್ತೀನಿ. ಜೊತೆಗೆ ನೋಡಬೇಕಾದ ಜಾಗಗಳು ಹೆದ್ದಾರಿಯ ಮೇಲೆ ನಮಗಾಗಿ ಕಾಯುತ್ತಾ ಕೂತಿಲ್ಲ. ಒಂದಕ್ಕೆ ಹದಿನೈದು ಕಿಲೋಮೀಟರ್ ಒಳಗೆ ಹೋಗಬೇಕು, ಇನ್ನೊಂದಕ್ಕೆ ಒಂದು ಗಂಟೆ ನಡೆಯಬೇಕು. ಪೂರ್ವದ ಕಡೆಯಂತೂ ರಸ್ತೆ ಸಮುದ್ರದ ಕೊಲ್ಲಿಗಳ ಒಳಗೆ ಹೊಕ್ಕು ಹೊರಗೆ ಬಂದು, ಮತ್ತೆ ಹೊಕ್ಕು ಮತ್ತೆ ಬಂದು... ಎದುರಿಗೆ ಕಾಣುವ ಊರು ತಲುಪಲು ಅರ್ಧ ಗಂಟೆ! ಏಳು ದಿನದಲ್ಲಿ ಅದನ್ನು ಸುತ್ತಿದರೆ ಬಸ್ ಸ್ಟ್ಯಾಂಡ್ ಎಣಿಸಿದ ಹಾಗೆ. ಊರು ನೋಡಿದ ಹಾಗಲ್ಲ.

ದೇಶ ಎಷ್ಟು ದೊಡ್ಡದು ಅಂತೀರಾ? ಒಂದು ಲಕ್ಷ ಮೂರು ಸಾವಿರ ಚದರ ಕಿಲೋಮೀಟರ್. ನಮ್ಮ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಜನ? ನಾಲ್ಕು ಲಕ್ಷದ ಒಳಗೆ. 2011ರ ಜನಗಣತಿಯಲ್ಲೇ ನಮ್ಮ ದಾವಣಗೆರೆ ನಗರ ಒಂದರಲ್ಲೇ ಅದಕ್ಕಿಂತ ಹೆಚ್ಚು ಜನ ಇದ್ದರು! ಅವರಲ್ಲೂ ಅರ್ಧಕ್ಕಿಂತ ಹೆಚ್ಚು ಜನ ರಾಜಧಾನಿ ರೇಕ್ಯಾವಿಕ್ ಮತ್ತು ಅದರ ಸುತ್ತಮುತ್ತ. ಉಳಿದ ಕಡೆ ಬೆಟ್ಟ, ಲಾವಾ, ಹಿಮ, ಕುರಿ. ಈ ಕುರಿಗಳನ್ನು ಬೇಸಿಗೆಯಲ್ಲಿ ಬೆಟ್ಟಕ್ಕೆ ಬಿಟ್ಟರೆ ಸೆಪ್ಟೆಂಬರಿನಲ್ಲಿ ಊರಿಗೆ ಊರೇ ಸೇರಿ ಅಟ್ಟಿಕೊಂಡು ಬರುವುದು. ಅಲ್ಲಿಯ ತನಕ ರಸ್ತೆ ಅವುಗಳದ್ದೇ. ತಾಯಿ ರಸ್ತೆಯ ಈ ಕಡೆ, ಮರಿ ಆ ಕಡೆ ಇದ್ದರೆ ಮರಿ ಓಡಿ ಬಂದೇ ಬರುತ್ತೆ ಎಂದು ಡ್ರೈವರ್‌ಗಳಿಗೆ ಎಚ್ಚರಿಕೆ. ಇದನ್ನು ಓದಿ ಹೇಳಿದಾಗ ಮಾವ ಮೊದಲ ಸಲ ನಕ್ಕರು. “ಸಕಲೇಶಪುರದ ಎಮ್ಮೆಗೂ ಇದೇ ರೂಲು.”

ಲಾಟರಿಯಲ್ಲಿ ಕಟ್ಟಿದ ದಾರಿ

ಆ ಉಂಗುರ ರಸ್ತೆಯ ಕತೆಯೇ ಒಂದು ಸಿನಿಮಾ. ಅದು ಪೂರ್ತಿಯಾದದ್ದು 1974ರಲ್ಲಿ. ಅಲ್ಲಿಯವರೆಗೆ ಉಂಗುರ ಒಂದು ಕಡೆ ಬಾಯಿ ತೆರೆದುಕೊಂಡಿತ್ತು. ದಕ್ಷಿಣದಲ್ಲಿ ಸ್ಕೇದಾರಾರ್‌ಸಾಂಡುರ್ ಅಂತ ಒಂದು ಕಪ್ಪು ಮರಳಿನ ಬಯಲು. ಮೇಲೆ ವಾಟ್ನಾಯೋಕುಲ್ ಎಂಬ ಭಾರೀ ಹಿಮರಾಶಿ, ಅದರ ಹೊಟ್ಟೆಯೊಳಗೆ ಜ್ವಾಲಾಮುಖಿ! ಬೆಂಕಿ ಎದ್ದಾಗ ಹಿಮ ಕರಗಿ ಆ ಬಯಲಿನ ಮೇಲೆ ಪ್ರಳಯ. ಹಾಗಾಗಿ ಅಲ್ಲಿ ಸೇತುವೆ ಕಟ್ಟುವ ಧೈರ್ಯ ಯಾರಿಗೂ ಇರಲಿಲ್ಲ. ಆ ಬಯಲಿನ ಪೂರ್ವಕ್ಕಿದ್ದ ಹಳ್ಳಿಯವರು ಪಶ್ಚಿಮದ ರಾಜಧಾನಿಗೆ ರಸ್ತೆಯಲ್ಲಿ ಹೋಗಬೇಕಾದರೆ ಉತ್ತರಕ್ಕೆ ಹೋಗಿ ಇಡೀ ದೇಶ ಸುತ್ತಿಕೊಂಡು ಬರಬೇಕಿತ್ತು.

ಕೊನೆಗೆ ಸರ್ಕಾರ ಲಾಟರಿ ಬಹುಮಾನವಿರುವ ಸಾಲಪತ್ರ ಮಾರಿ ದುಡ್ಡು ಎತ್ತಿತು. ಜನ ಕೊಂಡರು. 1974ರ ಜುಲೈನಲ್ಲಿ, ಆ ದೇಶದಲ್ಲಿ ಜನ ನೆಲೆಸಿ 1,100 ವರ್ಷವಾಯಿತೆಂದು ಹಬ್ಬ ಮಾಡಿದ ಬೇಸಿಗೆಯಲ್ಲೇ, ಸೇತುವೆ ತೆರೆಯಿತು. ಇಪ್ಪತ್ತೆರಡು ವರ್ಷ ನಿಂತಿತು. 1996ರ ಸೆಪ್ಟೆಂಬರ್ ಕೊನೆಗೆ ಹಿಮದಡಿ ಬೆಂಕಿ ಎದ್ದಿತು. ನವೆಂಬರ್ 5ರಂದು ನೀರು ಬಂತು. ಮನೆಯಷ್ಟು ದೊಡ್ಡ ಹಿಮದ ಬಂಡೆಗಳು ತೇಲಿ ಬಂದು ಸೇತುವೆಗಳನ್ನು ತಿರುಚಿ ಎಸೆದವು. ಮೊದಲೇ ಗೊತ್ತಿದ್ದರಿಂದ ರಸ್ತೆ ಮುಚ್ಚಿದ್ದರು, ಒಂದು ಜೀವವೂ ಹೋಗಲಿಲ್ಲ. ಕೆಲವೇ ವಾರಗಳಲ್ಲಿ ತಾತ್ಕಾಲಿಕ ದಾರಿ ಮಾಡಿ ಮತ್ತೆ ವಾಹನ ಬಿಟ್ಟರು. ತಿರುಚಿಹೋದ ಕಬ್ಬಿಣದ ತೊಲೆಗಳನ್ನು ರಸ್ತೆ ಪಕ್ಕದಲ್ಲಿ ಹಾಗೇ ಇಟ್ಟಿದ್ದಾರೆ, ನೋಡಲಿ ಅಂತ.

ಇದನ್ನು ಕೇಳಿದ ಮಾವ ತುಂಬಾ ಹೊತ್ತು ಸುಮ್ಮನಿದ್ದರು. “ಮೊದಲೇ ಗೊತ್ತಿದ್ದರೆ ರಸ್ತೆ ಮುಚ್ಚಬಹುದು” ಅಂದರು. ಅಷ್ಟೇ. ಅತ್ತೆ ನನ್ನ ಕಡೆ ನೋಡಿದರು. ನಾನು ಭೂಪಟದ ಕಡೆ ನೋಡಿದೆ.

‘ಗೇರುವಾ’ದ ವಿಮಾನ ಹತ್ತುವ ಮೊದಲು

ಈಗ ನಮ್ಮ ಓದುಗರಿಗೆ ಪ್ರಿಯವಾದ ವಿಷಯಕ್ಕೆ ಬರೋಣ. ಅತ್ತೆಯ ಪಟ್ಟಿಯಲ್ಲಿ ಮೊದಲಿದ್ದದ್ದು ಆ ಮುರಿದ ವಿಮಾನ. ಜಾಗದ ಹೆಸರು ಸೋಲ್‌ಹೇಮಸಾಂಡುರ್. 1973ರ ನವೆಂಬರಿನಲ್ಲಿ ಅಮೆರಿಕ ನೌಕಾಪಡೆಯ ವಿಮಾನವೊಂದು ಆ ಮರಳಿನ ಮೇಲೆ ಇಳಿದುಬಿತ್ತು. ಒಳಗಿದ್ದವರೆಲ್ಲ ಬದುಕಿದರು, ವಿಮಾನ ಅಲ್ಲೇ ಉಳಿಯಿತು. ಮೊದಲು ಅದರ ಹತ್ತಿರದವರೆಗೂ ಕಾರು ಹೋಗುತ್ತಿತ್ತು. ಬಂದವರು ಸುಮ್ಮನೆ ಹೋದರೇ? ಮರಳಿನ ಮೇಲೆ ಅಡ್ಡಾದಿಡ್ಡಿ ಓಡಿಸಿ ಗೆರೆ ಎಳೆದರು. ಜಮೀನಿನವರು 2016ರಲ್ಲಿ ವಾಹನ ಬಂದ್ ಮಾಡಿದರು. ಈಗ ನಡೆದುಕೊಂಡೇ ಹೋಗುವುದಾದರೆ ಹೋಗುವಾಗ ಸುಮಾರು 4 ಕಿ.ಮೀ., ಬರುವಾಗ 4 ಕಿ.ಮೀ. ನೆರಳಿಲ್ಲ, ಗೋಡೆಯಿಲ್ಲ, ಗಾಳಿಗೆ ತಡೆಯಿಲ್ಲ. 2020ರ ಜನವರಿಯಲ್ಲಿ, ಕೊರೆಯುವ ಚಳಿಗಾಲದಲ್ಲಿ, ಇದೇ ಹಾದಿಯಲ್ಲಿ ಇಬ್ಬರು ಎಳೆಯ ಪ್ರವಾಸಿಗಳು ಜೀವ ಬಿಟ್ಟರು. ಹಾಡಿನಲ್ಲಿ ಇದು ಯಾವುದೂ ಇಲ್ಲ. ಹಾಡಿನಲ್ಲಿ ನಾಯಕ ನಾಯಕಿ ಕಟ್ ಆದ ಕೂಡಲೇ ಬೆಚ್ಚಗೆ ಹೊದ್ದುಕೊಂಡು ವ್ಯಾನಿಗೆ ಓಡಿರುತ್ತಾರೆ ಸ್ವಾಮಿ!

ಇಂಥದ್ದೇ ಇನ್ನೊಂದು. ಫ್ಯಾದ್ರಾರ್‌ಗ್ಲ್ಯೂಫುರ್ ಎಂಬ ಕಿರಿದಾದ ಕಣಿವೆ. (ಹೆಸರು ಉಚ್ಚರಿಸಲು ನಾನು ಒಂದು ಮಧ್ಯಾಹ್ನ ಕಳೆದೆ. ಸರಿಯಾಗಿದೆ ಅಂತ ಪ್ರಮಾಣ ಮಾಡಲಾರೆ.) 2015ರಲ್ಲಿ ಗಾಯಕ ಜಸ್ಟಿನ್ ಬೀಬರ್ ತನ್ನ ಹಾಡಿನ ವಿಡಿಯೋದಲ್ಲಿ ಅಲ್ಲಿಯ ಪಾಚಿಯ ಮೇಲೆ ಓಡಾಡಿ ಹೊರಳಾಡಿದ. ಅಭಿಮಾನಿಗಳು ಹಿಂಡು ಹಿಂಡಾಗಿ ಬಂದರು. ಪಾಚಿ ಸತ್ತು ಕೆಸರಾಯಿತು. 2019ರಲ್ಲಿ ಸರ್ಕಾರ ತಿಂಗಳುಗಟ್ಟಲೆ ಗೇಟು ಹಾಕಿತು. ಆ ನಾಡಿನ ಪಾಚಿ ಲಾವಾ ಬಂಡೆಯ ಮೇಲೆ ಮೆತ್ತನೆ ಹಾಸಿಗೆಯಂತೆ ಕಾಣುತ್ತೆ. ಆದರೆ ಒಂದು ಚಕ್ರದ ಗುರುತು ಮಾಯಲು ಎಷ್ಟೋ ದಶಕ ಬೇಕು. ಅದಕ್ಕೇ ರಸ್ತೆ ಬಿಟ್ಟು ಒಂದು ಗಾಲಿ ಇಳಿಸಿದರೂ ಅಲ್ಲಿ ಅಪರಾಧ, ದಂಡ ಭಾರಿ.

ನಮ್ಮ ಕನ್ನಡದವರು 1978ರಲ್ಲಿ ‘ಸಿಂಗಾಪುರದಲ್ಲಿ ರಾಜಾ ಕುಳ್ಳ’ ತೆಗೆಯಲು ಕ್ಯಾಮೆರಾ ಹೊತ್ತು ಸಮುದ್ರ ದಾಟಿದ್ದೇ ಆಗ ಮನೆಮಾತು. ಈಗ ಹಾಲಿವುಡ್ಡಿನವರು ಚಂದ್ರ, ಮಂಗಳ, ಹೆಸರಿಲ್ಲದ ಗ್ರಹ ಏನು ಬೇಕಾದರೂ ಐಸ್‌ಲ್ಯಾಂಡಿಗೆ ಹೋಗ್ತಾರೆ. 2014ರ ‘ಇಂಟರ್‌ಸ್ಟೆಲ್ಲಾರ್’ನ ಹಿಮದ ಗ್ರಹ ಅಲ್ಲಿಯದೇ. 2002ರ ಜೇಮ್ಸ್ ಬಾಂಡ್ ಚಿತ್ರ ‘ಡೈ ಅನದರ್ ಡೇ’ಗೆ ಯೋಕುಲ್ಸಾರ್‌ಲೋನ್ ಕೊಳದ ಮೇಲೆ ಕಾರು ಓಡಿಸಬೇಕಿತ್ತು. ಸಮುದ್ರದ ಉಪ್ಪು ನೀರು ಬರುವುದರಿಂದ ಆ ಕೊಳ ಗಟ್ಟಿಯಾಗಿ ಹೆಪ್ಪುಗಟ್ಟದು. ಚಿತ್ರದವರು ಕೊಳದ ಬಾಯಿಗೇ ಒಡ್ಡು ಕಟ್ಟಿ ಸಮುದ್ರ ನಿಲ್ಲಿಸಿದರು, ಕೊಳ ಹೆಪ್ಪುಗಟ್ಟಿತು! ಹೋಗದೆ ಏನು ಮಾಡ್ತಾರೆ? ಅಲ್ಲಿ ಖರ್ಚು ಮಾಡಿದ್ದರಲ್ಲಿ ಶೇ. 25 ಸರ್ಕಾರವೇ ವಾಪಸು ಕೊಡುತ್ತಿತ್ತು. 2022ರಿಂದ ದೊಡ್ಡ ಚಿತ್ರಗಳಿಗೆ ಅದು ಶೇ. 35 ಆಯಿತು. ಬಾಡಿಗೆ ಕಾರಿನವನಿಗೆ ಮಾತ್ರ ಒಂದು ಪೈಸೆ ವಾಪಸಿಲ್ಲ.

ಬಾಗಿಲು ಹಾರಿಸುವ ಗಾಳಿ

ಬಾಡಿಗೆ ಅಂದೆನಲ್ಲ, ಆ ಕರಾರು ಪತ್ರ ಓದುವಷ್ಟರಲ್ಲಿ ನನ್ನ ಡಿಕ್ಷನರಿ ಹರಿದುಹೋಯಿತು. ವಿಮೆಯಲ್ಲಿ ಎಷ್ಟು ಬಗೆ! ಡಿಕ್ಕಿಗೆ ಒಂದು, ಜಲ್ಲಿ ಕಲ್ಲು ಸಿಡಿದು ಗಾಜು ಒಡೆದರೆ ಇನ್ನೊಂದು, ಮರಳು–ಬೂದಿಗೆ ಮತ್ತೊಂದು. ಮರಳಿಗೂ ವಿಮೆಯಾ ಅಂತ ನಕ್ಕೆ. ನಗುವ ವಿಷಯವಲ್ಲ. ದಕ್ಷಿಣದ ಬಯಲಿನಲ್ಲಿ ಬಿರುಗಾಳಿ ಎದ್ದರೆ ಮರಳು ಕಾರಿನ ಬಣ್ಣವನ್ನೇ ಉಜ್ಜಿ ತೆಗೆಯುತ್ತೆ, ಉಪ್ಪು ಕಾಗದದಿಂದ ಉಜ್ಜಿದ ಹಾಗೆ. ಇಷ್ಟೆಲ್ಲ ಕಟ್ಟಿದರೂ ಎರಡಕ್ಕೆ ಸಾಮಾನ್ಯವಾಗಿ ವಿಮೆ ಇಲ್ಲ. ಒಂದು, ಹೊಳೆ ದಾಟಲು ಹೋಗಿ ಇಂಜಿನ್ನಿಗೆ ನೀರು ನುಗ್ಗಿದರೆ. ಇನ್ನೊಂದು, ಗಾಳಿಗೆ ಬಾಗಿಲು ಕಿತ್ತು ಹಿಂದಕ್ಕೆ ಮಡಚಿದರೆ!

ಹೌದು ಓದುಗರೇ, ಇಳಿಯುವ ಆತುರದಲ್ಲಿ ಬಾಗಿಲು ತೆರೆದಿರಿ ಅನ್ನಿ, ಗಾಳಿ ಅದನ್ನು ಕಿತ್ತುಕೊಂಡು ಬಾನೆಟ್ಟಿಗೆ ಬಡಿಯುತ್ತೆ. ರಿಪೇರಿ ಖರ್ಚು ಕೇಳಿದರೆ ಅತ್ತೆಯ ಚೀಟಿ ದುಡ್ಡು ಒಂದೇ ಏಟಿಗೆ ಮಾಯ. ಉಪಾಯ ಏನೆಂದರೆ ಮುಖ ಗಾಳಿಯ ಕಡೆ ಮಾಡಿ ಕಾರು ನಿಲ್ಲಿಸಬೇಕು. ಎರಡು ಕೈಯಲ್ಲಿ ಬಾಗಿಲು ಹಿಡಿದು ಒಬ್ಬೊಬ್ಬರೇ ಇಳಿಯಬೇಕು. ದಿನಾ ಬೆಳಿಗ್ಗೆ ರಸ್ತೆ ಇಲಾಖೆಯವರ ಮತ್ತು ಹವಾಮಾನದವರ ಸೂಚನೆ ನೋಡದೆ ಹೊರಡಬಾರದು. ಗಾಳಿ ಜೋರಿದ್ದರೆ ಆ ದಿನದ ಟ್ರಿಪ್ ರದ್ದು, ರೂಮಿನಲ್ಲಿ ಕೂತು ಇಸ್ಪೀಟು.

ಒಳನಾಡಿನ ಬೆಟ್ಟದ ದಾರಿಗಳಿಗೆ ಎಫ್ ಅಕ್ಷರದ ನಂಬರ್ ಇರುತ್ತೆ. ನಾಲ್ಕೂ ಚಕ್ರ ಎಳೆಯುವ ಗಾಡಿ ಇಲ್ಲದೆ ಅಲ್ಲಿ ಕಾಲಿಡುವಂತಿಲ್ಲ. ಅವು ತೆರೆಯುವುದೇ ಜೂನ್ ಕೊನೆ, ಜುಲೈ ಹೊತ್ತಿಗೆ. ಅದನ್ನು ಮೊದಲ ದಿನವೇ ಹೊಡೆದುಹಾಕಿದೆವು. ವೀಸಾ ವಿಷಯ ಸಲೀಸು: ಷೆಂಗೆನ್ ಗುಂಪಿಗೆ ಐಸ್‌ಲ್ಯಾಂಡೂ ಸೇರಿದೆ. ಹೆಚ್ಚು ದಿನ ಮಗನ ಮನೆಯಲ್ಲೇ ಇರುವುದರಿಂದ ಸ್ವೀಡನ್ನಿಗೇ ಅರ್ಜಿ. ಪೆಟ್ರೋಲ್ ಬಂಕುಗಳಲ್ಲಿ ಅನೇಕ ಕಡೆ ಆಳೇ ಇರೋದಿಲ್ಲ, ಯಂತ್ರಕ್ಕೆ ಕಾರ್ಡು ತೂರಿಸಿ ಗುಪ್ತ ನಂಬರ್ ಒತ್ತಬೇಕು. ನಂಬರ್ ಮರೆತರೆ ನಡುದಾರಿಯಲ್ಲೇ ಪೂಜೆ.

ಊಟದ ಬಗ್ಗೆ ಅತ್ತೆಗೆ ಸೋಮವಾರ, ಶನಿವಾರದ ಚಿಂತೆ. ಅಲ್ಲಿ ಸ್ಕೀರ್ ಅಂತ ಗಟ್ಟಿ ಮೊಸರಿನಂಥದ್ದು ಸಿಗುತ್ತೆ. ನೆಲದ ಬಿಸಿಯಿಂದ ಕಾಯಿಸಿದ ಗಾಜಿನ ಮನೆಗಳಲ್ಲಿ ಟೊಮೆಟೊ, ಸೌತೆಕಾಯಿ ಬೆಳೀತಾರೆ. ಬಿಸಿ ನೆಲದಲ್ಲೇ ಹೂತು ಬೇಯಿಸಿದ ರೊಟ್ಟಿಯೂ ಉಂಟು. “ಹಾಗಿದ್ರೆ ಮೊಸರನ್ನಕ್ಕೆ ತೊಂದರೆಯಿಲ್ಲ, ಉಪ್ಪಿನಕಾಯಿ ನಾನು ತರ್ತೀನಿ” ಅಂತ ಅತ್ತೆ ಆ ಅಧ್ಯಾಯ ಮುಗಿಸಿದರು.

ದೊಡ್ಡ ಜಗಳ ಆದದ್ದು ಬೆಳಕಿನ ಮೇಲೆ. ಜೂನ್ ನಡುವಿನಲ್ಲಿ ರೇಕ್ಯಾವಿಕ್ಕಿನಲ್ಲಿ ಸೂರ್ಯ ಮುಳುಗುವುದೇ ಮಧ್ಯರಾತ್ರಿ ದಾಟಿ, ಹುಟ್ಟುವುದು ಮೂರು ಗಂಟೆ ಸುಮಾರಿಗೆ. ನಡುವೆಯೂ ಕತ್ತಲಾಗೋಲ್ಲ. ಹುಡುಗ ಇದನ್ನೇ ಲಾಭ ಅಂತ ಬರೆದಿದ್ದ: ‘ರಾತ್ರಿ ಹನ್ನೊಂದರ ತನಕ ಓಡಿಸಬಹುದು.’ ಮಾವ ಫೋನು ಕಿತ್ತುಕೊಂಡರು.

“ಬೆಳಕಿದ್ದ ಮಾತ್ರಕ್ಕೆ ಡ್ರೈವರ್‌ಗೆ ನಿದ್ದೆ ಬೇಡ್ವೇನೋ? ಕತ್ತಲಾದ್ರೆ ಮನುಷ್ಯನಿಗೆ ಹೆದರಿಕೆ ಇರುತ್ತೆ, ಹುಷಾರಾಗಿರ್ತಾನೆ. ಬೆಳಕಲ್ಲಿ ತೂಗಡಿಸಿದ್ರೆ ಗೊತ್ತೇ ಆಗಲ್ಲ. ದಿನಕ್ಕೆ ಆರು ಗಂಟೆ ಸ್ಟೇರಿಂಗು, ಅದೂ ಇಬ್ಬರಿದ್ರೆ. ಒಬ್ಬನೇ ಆದ್ರೆ ನಾಲ್ಕು.”

ಆ ಕಡೆಯಿಂದ ಹುಡುಗ ಮೆಲ್ಲಗೆ ಅಂದ: “ಒಬ್ಬನೇ ಅಲ್ವೇನಪ್ಪಾ. ಅಮ್ಮನಿಗೆ ಬರಲ್ಲ.”

ಮಾವ ಫೋನನ್ನು ನನ್ನ ಕೈಗೆ ಕೊಟ್ಟು ಹಿತ್ತಿಲಿಗೆ ಹೋದರು.

ಕದ್ದ ಜೀಪಿನ ಮುದುಕರು

ಇನ್ನು ನಾನು ನನ್ನ ಕಸಬಿಗೆ ಇಳಿಯಲೇಬೇಕಾಯಿತು. ಹೊರಗಿನವರು ಅಲ್ಲಿ ತೆಗೆದ ಹಾಡು, ಬಾಂಡ್ ಎಲ್ಲ ಇರಲಿ, ಆ ನಾಡಿನವರೇ ತೆಗೆದ ಒಂದು ಚಿತ್ರ ನೋಡೋಣ ಅಂತ 1991ರ ಒಂದು ಚಿತ್ರ ಹುಡುಕಿ ತಂದೆ. ಫ್ರಿದ್ರಿಕ್ ಥೋರ್ ಫ್ರಿದ್ರಿಕ್ಸನ್ ನಿರ್ದೇಶಿಸಿದ್ದು. ಹೆಸರನ್ನು ಕನ್ನಡಿಸಿದರೆ ‘ಪ್ರಕೃತಿಯ ಮಕ್ಕಳು’ ಅನ್ನಬಹುದು. ಪರಭಾಷಾ ಚಿತ್ರಗಳ ಆಸ್ಕರ್ ಸ್ಪರ್ಧೆಯ ಕೊನೇ ಐದರಲ್ಲಿ ನಿಂತ ಚಿತ್ರ.

ಕತೆ ಇಷ್ಟೇ. ಮುದಿ ರೈತನೊಬ್ಬ ಜಮೀನು ಬಿಟ್ಟು ರೇಕ್ಯಾವಿಕ್ಕಿಗೆ ಮಗಳ ಮನೆಗೆ ಬರ್ತಾನೆ. ಅಲ್ಲಿ ಹೊಂದಿಕೆಯಾಗದೆ ವೃದ್ಧಾಶ್ರಮಕ್ಕೆ. ಅಲ್ಲಿ ಚಿಕ್ಕಂದಿನಲ್ಲಿ ಗೊತ್ತಿದ್ದ ಗೆಳತಿ ಸಿಗ್ತಾಳೆ, ಅವಳೂ ಮುದುಕಿ. ಹುಟ್ಟಿದ ಊರು ನೋಡಬೇಕೆಂದು ಇಬ್ಬರೂ ಒಂದು ಜೀಪು ಕದ್ದು ಪರಾರಿ! ಊರಿರುವುದು ವೆಸ್ಟ್‌ಫ್ಯೋರ್ಡ್ಸ್ ಎಂಬ ವಾಯವ್ಯದ ತುದಿಯಲ್ಲಿ. ಅಲ್ಲಿ ಈಗ ಯಾರೂ ಇಲ್ಲ.

ಲ್ಯಾಪ್‌ಟಾಪ್ ಇಟ್ಟು, ಇಂಗ್ಲಿಷ್ ಅಕ್ಷರಗಳನ್ನು ನಾನು ಕನ್ನಡ ಮಾಡಿ ಹೇಳುತ್ತಾ ಹೋದೆ. ಅರ್ಧದ ಮೇಲೆ ಹೇಳುವುದೇ ಬೇಕಾಗಲಿಲ್ಲ. ಆ ಚಿತ್ರದಲ್ಲಿ ಮಾತು ಕಡಿಮೆ. ಜಲ್ಲಿ ರಸ್ತೆ, ಜೀಪು, ಕೊಲ್ಲಿಯ ನೀರು, ಸ್ಟೇರಿಂಗ್ ಮೇಲೆ ಸುಕ್ಕುಗಟ್ಟಿದ ಎರಡು ಕೈ. ಮಾವ ಕುರ್ಚಿಯ ತುದಿಗೆ ಬಂದಿದ್ದರು. ಒಂದು ತಿರುವಿನಲ್ಲಿ ಅವರ ಬಲಗಾಲು ತಾನಾಗಿ ನೆಲ ಒತ್ತಿತು, ಬ್ರೇಕ್ ಹಾಕುವ ಹಾಗೆ. ಅತ್ತೆ ನೋಡಿದರು, ಮಾತಾಡಲಿಲ್ಲ.

ಚಿತ್ರ ಮುಗಿದ ಮೇಲೆ ಮಾವ ಕೇಳಿದ್ದು ಒಂದೇ. “ಈ ರೂಟು ನಿನ್ನ ಪ್ಲಾನಲ್ಲಿ ಇದೆಯಾ?”

ಇರಲಿಲ್ಲ. ಉಂಗುರ ರಸ್ತೆ ಆ ಕಡೆ ಹೋಗುವುದೇ ಇಲ್ಲ. ವೆಸ್ಟ್‌ಫ್ಯೋರ್ಡ್ಸ್ ಅಂದರೆ ದೇಶದ ಮೈಗೆ ಅಂಟಿದ ಐದು ಬೆರಳಿನ ಕೈ ಇದ್ದಂತೆ, ಜನ ಸುಮಾರು ಏಳು ಸಾವಿರ. ಅದರ ಉತ್ತರದ ಹಾರ್ನ್‌ಸ್ಟ್ರಾಂಡಿರ್ ಭಾಗವನ್ನು 1950ರ ದಶಕದ ಹೊತ್ತಿಗೆ ಜನ ಬಿಟ್ಟು ಹೊರಟೇಹೋದರು. ಅಲ್ಲಿಗೆ ಇವತ್ತಿಗೂ ರಸ್ತೆಯಿಲ್ಲ, ದೋಣಿಯೇ ಗತಿ.

ಮತ್ತೆ ಗೀಟು ಹೊಡೆದೆವು. ಏಳು ದಿನ ಹೋಗಿ ಹತ್ತಾಯಿತು. ಉಂಗುರ ಹೋಯಿತು. ಮೊದಲ ನಾಲ್ಕು ದಿನ ದಕ್ಷಿಣ: ಜಲಪಾತ, ವೀಕ್ ಊರಿನ ಕಪ್ಪು ಮರಳು, ತಿರುಚಿದ ತೊಲೆಗಳು, ಹಿಮ ತೇಲುವ ಕೊಳ. ಅಲ್ಲಿಂದ ಬಂದ ದಾರಿಯಲ್ಲೇ ವಾಪಸು. ವೀಕ್ ಪಕ್ಕದ ರೇನಿಸ್‌ಫ್ಯಾರಾ ದಡದಲ್ಲಿ ಸಮುದ್ರಕ್ಕೆ ಬೆನ್ನು ಹಾಕಿ ಫೋಟೋ ತೆಗೆಸಬಾರದು, ಇದ್ದಕ್ಕಿದ್ದಂತೆ ದೊಡ್ಡ ಅಲೆ ಬಂದು ಎಳೆದುಕೊಂಡು ಹೋಗಿ ಜನ ಸತ್ತಿದ್ದಾರೆ ಅಂತ ಕೆಂಪು ಶಾಯಿಯಲ್ಲಿ ಬರೆದೆ. ವಿಮಾನಕ್ಕೆ ಅತ್ತೆಯೇ ಕತ್ತರಿ ಹಾಕಿದರು. “ಎಂಟು ಕಿಲೋಮೀಟರ್ ನಡೆದು ಗುಜರಿ ನೋಡೋದಾ? ಹಾಡಲ್ಲೇ ನೋಡಿದ್ದೀನಿ ಬಿಡು.”

ಐದನೇ ದಿನ ಪಶ್ಚಿಮದ ಸ್ಟಿಕ್ಕಿಸ್‌ಹೋಲ್ಮುರ್. ಆರನೇ ದಿನ ಅಲ್ಲಿಂದ ‘ಬಾಲ್ದುರ್’ ಎಂಬ ಹಡಗಿನಲ್ಲಿ ಕಾರಿನ ಸಮೇತ ಕೊಲ್ಲಿ ದಾಟಿದರೆ ವೆಸ್ಟ್‌ಫ್ಯೋರ್ಡ್ಸ್. ಬೇಸಿಗೆಯಲ್ಲಿ ಇದಕ್ಕೆ ಮುಂಗಡ ಟಿಕೆಟ್ ಮಾಡಿಸಲೇಬೇಕು. ಆಮೇಲೆ ಲಾತ್ರಾಬ್ಯಾರ್ಗ್: 14 ಕಿ.ಮೀ. ಉದ್ದ, ಎತ್ತರದ ಕಡೆ 440 ಮೀಟರ್ ನೆಟ್ಟಗೆ ಸಮುದ್ರಕ್ಕೆ ಇಳಿಯುವ ಬಂಡೆ. ಅದರ ಅಂಚಿನಲ್ಲಿ ಪಫಿನ್ ಹಕ್ಕಿಗಳು, ಕೊಕ್ಕಿಗೆ ಕುಂಕುಮ ಬಳಿದ ಹಾಗಿರುವವು, ಕೈಗೆಟಕುವಷ್ಟು ಹತ್ತಿರ ಕೂತಿರುತ್ತವೆ. ಬಗ್ಗಿ ನೋಡಬಾರದು, ಹೊಟ್ಟೆ ಮೇಲೆ ಮಲಗಿ ನೋಡಬೇಕು. ಅಲ್ಲಿಗೆ ಹೋಗುವ ರಸ್ತೆ ಜಲ್ಲಿಯದು, ತಡೆಗೋಡೆ ಇಲ್ಲದ ಇಳಿಜಾರುಗಳಿವೆ. ಆಮೇಲೆ ದಿನ್ಯಾಂಡಿ ಜಲಪಾತ, ಮೇಲೆ ಕಿರಿದು, ಕೆಳಗೆ ಬರುತ್ತಾ ಅಗಲ, ಸುಮಾರು ನೂರು ಮೀಟರ್. 2020ರ ಅಕ್ಟೋಬರಿನಲ್ಲಿ ತೆರೆದ ಸುರಂಗದಿಂದಾಗಿ ಅಲ್ಲಿಂದ ಉತ್ತರಕ್ಕೆ ಹೋಗುವವರಿಗೆ ಒಂದು ಕಷ್ಟದ ಘಾಟಿ ತಪ್ಪಿತು. ಕೊನೆಗೆ ಇಸಾಫ್ಯೋರ್ದುರ್ ಪಟ್ಟಣ.

ಆ ಪಟ್ಟಣಕ್ಕೆ ಮುನ್ನ ಇನ್ನೊಂದು ಸುರಂಗ, 1996ರದು. ಬೆಟ್ಟದೊಳಗೇ ಮೂರು ದಾರಿ ಕೂಡುವ ಸರ್ಕಲ್ ಇದೆ! ಕೆಲವು ಭಾಗ ಒಂದೇ ಗಾಡಿ ಅಗಲ. ಎದುರು ಬೆಳಕು ಕಂಡರೆ ಒಂದು ದಿಕ್ಕಿನವರು ಪಕ್ಕದ ಗೂಡಿಗೆ ಸರಿದು ದಾರಿ ಕೊಡಬೇಕು. ಒಂದೇ ಗಾಡಿ ಹಿಡಿಸುವ ಸೇತುವೆಗಳೂ ಆ ದೇಶದ ತುಂಬ. ಮೊದಲು ಬಂದವನಿಗೆ ಮೊದಲ ದಾರಿ ಅನ್ನೋದು ಅಲ್ಲಿಯ ವಾಡಿಕೆ.

“ಎದುರಿನವನು ಸ್ಪೀಡಲ್ಲಿದ್ರೆ?” ಮಾವ ಕೇಳಿದರು.

“ನೀವು ಮೊದಲು ಬಂದಿದ್ರೂ ನಿಲ್ಲಿಸಿ ಬಿಡೋದೇ ವಾಸಿ ಅಂತಾರೆ ಮಾವ.”

“ಹ್ಞೂಂ. ಘಾಟಿಯಲ್ಲಿ ಏರೋ ಗಾಡಿಗೆ ದಾರಿ ಬಿಡೋದು ಅಂದ್ರೆ ಅದೇ.” ಆಮೇಲೆ, ಎಲ್ಲಿಯೋ ನೋಡುತ್ತಾ, “ಬಲಗಡೆ ಅಲ್ವಾ ಅಲ್ಲಿ ಓಡಿಸೋದು?” ಅಂದರು.

ಬಲಗಡೆಯೇ. 1968ರ ಮೇ 26ರವರೆಗೆ ಅಲ್ಲೂ ನಮ್ಮ ಹಾಗೆ ಎಡಗಡೆ ಇತ್ತು. ಒಂದೇ ದಿನದಲ್ಲಿ ಇಡೀ ದೇಶ ಬಲಕ್ಕೆ ಬದಲಾಯಿತು ಅಂದೆ. “ಇಡೀ ದೇಶದವರು ಒಂದೇ ದಿನದಲ್ಲಿ ಕಲಿತರಾ?” ಅಂತ ಎರಡು ಸಲ ಕೇಳಿದರು.

ಮಾರನೆಯ ಬೆಳಿಗ್ಗೆ ಕಾಫಿಗೆ ಎದ್ದು ಬಂದರೆ ಹಿತ್ತಿಲಲ್ಲಿ ಒಂದು ನೋಟ. ಮಾವ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಾರೆ. ಎಡಗೈ ಗಾಳಿಯಲ್ಲಿ, ಇಲ್ಲದ ಸ್ಟೇರಿಂಗ್ ಹಿಡಿದಿದೆ. ಬಲಗೈ ಬಲ ತೊಡೆಯ ಪಕ್ಕದಲ್ಲಿ ಇಲ್ಲದ ಗೇರು ಹುಡುಕುತ್ತಿದೆ. ಒಂದು, ಎರಡು... ಎಡಗೈ ಅಭ್ಯಾಸಬಲದಿಂದ ಕೆಳಗೆ ಇಳಿಯುತ್ತೆ. ಬೈದುಕೊಂಡು ಮತ್ತೆ ಮೇಲಕ್ಕೆ. ಅಡಿಗೆಮನೆ ಕಿಟಕಿಯಲ್ಲಿ ಅತ್ತೆ, ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡು.

“ಆಟೋಮ್ಯಾಟಿಕ್ ಗಾಡಿಯೇ ತಗೋಳ್ಳೋಣ ಮಾವ, ಗೇರೇ ಇರಲ್ಲ” ಅಂದೆ.

“ಯಾರು ಕೇಳಿದ್ರು ನಿನ್ನ?” ಅಂದರು, ಕುರ್ಚಿಯಿಂದ ಏಳಲಿಲ್ಲ.

ಈಗ ವಿಷಯ ಎಲ್ಲಿಗೆ ಬಂದಿದೆ ಅಂದರೆ, ಮಾವನ ಲೈಸೆನ್ಸು ನವೀಕರಣಕ್ಕೆ ಕೊಟ್ಟಿದೆ. ವೈದ್ಯರು ಕಣ್ಣು, ರಕ್ತದೊತ್ತಡ ನೋಡಿ ಫಾರಂ 1ಎಗೆ ಸಹಿ ಹಾಕಿದ್ದಾರೆ. ಅದು ಕೈಗೆ ಬಂದ ಮೇಲೆ ಆರ್‌ಟಿಓ ಆಫೀಸಿನಲ್ಲಿ ಫಾರಂ 4ಎ ತುಂಬಿ ಅಂತಾರಾಷ್ಟ್ರೀಯ ಪರ್ಮಿಟ್ಟು, ಅದರ ಆಯುಸ್ಸು ಒಂದು ವರ್ಷ. ಬಾಡಿಗೆ ಕಾರಿನವರ ಅರ್ಜಿಯಲ್ಲಿ ‘ಎರಡನೇ ಡ್ರೈವರ್’ ಅಂತ ಒಂದು ಕಾಲಂ ಇದೆ. ಅದಕ್ಕೆ ಬೇರೆ ದುಡ್ಡು. ಮೂರು ತಿಂಗಳಿಂದ ಖಾಲಿ ಬಿಟ್ಟಿದ್ದೆವು. ಕಳೆದ ಭಾನುವಾರ ಮಾವ ನನ್ನಿಂದ ಪೆನ್ನು ಇಸಕೊಂಡು, ಕಂಪ್ಯೂಟರ್‌ನಲ್ಲಿ ತುಂಬುವ ಅರ್ಜಿ ಅಂತ ಹೇಳಿದರೂ ಕೇಳದೆ, ನನ್ನ ಟ್ರಿಪ್ ಷೀಟಿನ ಮೇಲೆ ಏಳನೇ ದಿನದ ಮುಂದೆ ತಮ್ಮ ಹೆಸರು ಬರೆದರು. ಲಾತ್ರಾಬ್ಯಾರ್ಗಿನ ಜಲ್ಲಿ ರಸ್ತೆ ಅವರದು. ಉಳಿದ ದಿನ ಹುಡುಗನದು.

ಜೊತೆಗೆ ಕೆಳಗೆ ಒಂದು ನಂಬರನ್ನು ದಪ್ಪಗೆ ಬರೆಯಲು ಹೇಳಿದರು: 112. ಅಲ್ಲಿ ದಾರಿಯಲ್ಲಿ ಏನಾದರೂ ಆದರೆ ಕರೆ ಮಾಡುವ ನಂಬರು. ಕರೆ ಹೋದರೆ ಹುಡುಕಿಕೊಂಡು ಬರುವ ದಳದವರು ಸಂಬಳದವರಲ್ಲ, ಊರಿನ ಸ್ವಯಂಸೇವಕರು: ಮೀನು ಹಿಡಿಯುವವನು, ಮೇಷ್ಟ್ರು, ಅಂಗಡಿಯವನು. ಹೊರಡುವ ಮುಂಚೆ ಎಲ್ಲಿ ಹೋಗ್ತೀವಿ, ಯಾವಾಗ ಬರ್ತೀವಿ ಅಂತ ಅವರಿಗೆ ಬರೆದು ಕೊಟ್ಟು ಹೋಗುವ ಪದ್ಧತಿಯೂ ಇದೆ. “ಹಗ್ಗ ಇಟ್ಕೊಂಡಿರ್ತಾರಲ್ಲ ಅವರು?” ಅಂತ ಕೇಳಿದರು. ಇಟ್ಟುಕೊಂಡಿರ್ತಾರೆ ಮಾವ, ಅಂದೆ.

ಅತ್ತೆ ಸಾಮಾನಿನ ಪಟ್ಟಿಗೆ ಒಂದು ಕರಿ ಬಟ್ಟೆ ಸೇರಿಸಿದ್ದಾರೆ, ರೂಮಿನ ಕಿಟಕಿಗೆ ಅಡ್ಡ ಕಟ್ಟಲು. ಡ್ರೈವರ್‌ಗೆ ನಿದ್ದೆ ಆಗಬೇಕಲ್ಲ!